ಅಮೀರಬಾಯಿಗೆ ಯಾವ ಪ್ರಶಸ್ತಿ ಬಂತು?



ಸಿನಿಮಾ ನಟಿಯರು ಮತ್ತು ಅವರಿಗೆ ಬಂದ ಪ್ರಶಸ್ತಿಗಳ ಮೇಲೆ ಮಾತಾಡಿರಿ ಅಂತ ಸಿಂದಗಿಯ ಸಂಘದವರು ಕೇಳಿದರು. ಪಟ್ಟಿ ಓದಿ ಕೂತುಬಿಡಬಹುದಿತ್ತು. ಆದರೆ ನಮ್ಮ ವಿಜಯಪುರ ಜಿಲ್ಲೆಯಲ್ಲಿ ನಿಂತು ಈ ಮಾತು ಎತ್ತಿದರೆ ಮೊದಲು ನೆನಪಾಗುವ ಹೆಸರು ನಟಿ, ಗಾಯಕಿ ಅಮೀರಬಾಯಿ ಕರ್ನಾಟಕಿ. ಅವರ ಪಟ್ಟಿಯೋ, ಖಾಲಿ.

ಅವರ ಊರು ಬೀಳಗಿ ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದೆ. 1997ರಲ್ಲಿ ಜಿಲ್ಲೆ ಒಡೆಯುವ ತನಕ ನಾವೂ ಬೀಳಗಿಯವರೂ ಒಂದೇ ವಿಜಾಪುರದವರು, ನಡುವೆ ಕೃಷ್ಣೆ ಹರಿಯುತ್ತಿತ್ತು ಅಷ್ಟೆ. ಆ ಬೀಳಗಿಯಿಂದ ಅಮೀರಬಾಯಿ ಮತ್ತು ಅಕ್ಕ ಗೋಹರಬಾಯಿ ಮುಂಬೈಗೆ ಹೋದರು. ಗೋಹರಬಾಯಿ ಬಾಲಗಂಧರ್ವರ ಜೊತೆ ಮರಾಠಿ ರಂಗಭೂಮಿಯಲ್ಲಿ ಹಾಡಿದರು, ನಟಿಸಿದರು. ಅಮೀರಬಾಯಿ 1930ರ ದಶಕದಲ್ಲಿ ಚಿತ್ರರಂಗಕ್ಕೆ ಬಂದು ನಟಿಸುತ್ತ, ಹಾಡುತ್ತ ಬೆಳೆದರು. 1943ರಲ್ಲಿ ಬಾಂಬೆ ಟಾಕೀಸಿನ ‘ಕಿಸ್ಮತ್’ ಬಂತು. ಸಂಗೀತ ಅನಿಲ್ ಬಿಸ್ವಾಸ್ ಅವರದು. ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಮೀರಿ ಓಡಿತು. ತೆರೆಯ ಮೇಲೆ ಕಂಡ ನಾಯಕಿ ಮುಮ್ತಾಜ್ ಶಾಂತಿ, ಕೇಳಿದ ದನಿ ಬೀಳಗಿಯದು. ಮುಂದಿನ ವರ್ಷ ನೌಷಾದ್ ಅವರ ‘ರತನ್’ ಚಿತ್ರದಲ್ಲೂ ಅವರು ಹಾಡಿದರು. 1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ಅವರೇ ಸಂಗೀತ ನಿರ್ದೇಶನ ಮಾಡಿದರು. ಆ ಕಾಲಕ್ಕೆ ಹೆಣ್ಣುಮಗಳೊಬ್ಬಳು ವಾದ್ಯಗಾರರ ಎದುರು ನಿಂತು ಹೀಗೆ ನುಡಿಸಿ ಅಂತ ಹೇಳುವುದು ಸಣ್ಣ ಮಾತಲ್ಲ.

ಇಷ್ಟೆಲ್ಲ ಮಾಡಿದವರಿಗೆ ಫಿಲಂಫೇರ್ ಯಾಕೆ ಇಲ್ಲ? ತಾರೀಖು ನೋಡಿರಿ. ಫಿಲಂಫೇರ್ ಪ್ರಶಸ್ತಿ ಶುರುವಾದದ್ದು 1954ರಲ್ಲಿ, ಐದೇ ಐದು ವಿಭಾಗಗಳಲ್ಲಿ. ಮೊದಲ ಶ್ರೇಷ್ಠ ನಟಿ ‘ಬೈಜೂ ಬಾವರಾ’ದ ಮೀನಾ ಕುಮಾರಿ. ಹಾಡುವವರಿಗೆ ಆಗ ಅಲ್ಲಿ ಮಣೆಯೇ ಇರಲಿಲ್ಲ. ಲತಾ ಮಂಗೇಶಕರ್ ಅದಕ್ಕೆ ಹಟ ಹಿಡಿದ ಮೇಲೆ 1959ರಲ್ಲಿ ಹಿನ್ನೆಲೆ ಗಾಯನಕ್ಕೆ ಒಂದು ಪ್ರಶಸ್ತಿ ಬಂತು, ಅದೂ ಗಂಡಸರಿಗೆ ಹೆಂಗಸರಿಗೆ ಸೇರಿ ಒಂದೇ. ಗಾಯಕಿಯರಿಗೆ ಬೇರೆ ಪ್ರಶಸ್ತಿ ಮಾಡಿದ್ದು 1968ರಲ್ಲಿ. ಕೇಂದ್ರ ಸರಕಾರ ಕಲಾವಿದರಿಗೆ ರಾಷ್ಟ್ರಪ್ರಶಸ್ತಿ ಕೊಡಲು ತೊಡಗಿದ್ದು 1967ರ ಚಿತ್ರಗಳಿಂದ. ಅಮೀರಬಾಯಿ ತೀರಿಕೊಂಡದ್ದು 1965ರಲ್ಲಿ.

ಅಂದರೆ ಅವರನ್ನು ಯಾರೂ ಬೇಕಂತ ಬಿಟ್ಟದ್ದಲ್ಲ, ಅವರು ಮೆರೆದ ಕಾಲಕ್ಕೆ ಈ ಪ್ರಶಸ್ತಿಗಳೇ ಹುಟ್ಟಿರಲಿಲ್ಲ. ಹೀಗಾಗಿ ಪ್ರಶಸ್ತಿಗಳ ಎಣಿಕೆಯಿಂದ ನಟಿಯರನ್ನು ಅಳೆಯುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಬೆಳೆ ಕಟಾವಾಗಿ ಎಷ್ಟೋ ವರ್ಷವಾದ ಮೇಲೆ ತಕ್ಕಡಿ ತಂದು, ಈ ಹೊಲದಲ್ಲಿ ಏನೂ ಬೆಳೆದಿರಲಿಲ್ಲ ಅಂದ ಹಾಗೆ.

ಇನ್ನು ಪಟ್ಟಿ ಇರುವವರ ಕಡೆ ಬರೋಣ. ಕನ್ನಡ ಚಿತ್ರದ ಪಾತ್ರಕ್ಕಾಗಿ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಪಡೆದವರು ಮೂವರೇ. 1973ರ ‘ಕಾಡು’ ಚಿತ್ರಕ್ಕೆ ನಂದಿನಿ ಭಕ್ತವತ್ಸಲ, 2004ರ ‘ಹಸೀನಾ’ಕ್ಕೆ ತಾರಾ, 2008ರ ‘ಗುಲಾಬಿ ಟಾಕೀಸ್’ಗೆ ಉಮಾಶ್ರೀ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಮೂವತ್ತೊಂದು ವರ್ಷ! ಆರತಿ, ಜಯಂತಿ, ಲಕ್ಷ್ಮಿ ಅವರೆಲ್ಲ ಮೆರೆದದ್ದು ಆ ನಡುವಿನ ಕಾಲದಲ್ಲೇ. ‘ತಾಯಿಸಾಹೇಬ’ 1997ರ ಶ್ರೇಷ್ಠ ಚಿತ್ರವಾಗಿ ಸ್ವರ್ಣಕಮಲ ಗೆದ್ದಾಗಲೂ ಅದರ ನಾಯಕಿ ಜಯಮಾಲಾ ಅವರಿಗೆ ಶ್ರೇಷ್ಠ ನಟಿ ಪ್ರಶಸ್ತಿ ಸಿಗಲಿಲ್ಲ. ಬೆಂಗಳೂರಿನ ಪ್ರಿಯಾಮಣಿ ಶ್ರೇಷ್ಠ ನಟಿಯಾದರು ನಿಜ, ಆದರೆ ಅದು ತಮಿಳಿನ ‘ಪರುತ್ತಿವೀರನ್’ ಚಿತ್ರಕ್ಕೆ.

ನಾಮನಿರ್ದೇಶನದ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಫಿಲಂಫೇರಿನವರು ನಾಲ್ಕೈದು ಹೆಸರು ಮೊದಲೇ ಸಾರುತ್ತಾರೆ, ಹಾಗಾಗಿ ಸೋತವರ ಹೆಸರೂ ದಾಖಲೆಯಲ್ಲಿ ಉಳಿಯುತ್ತದೆ. ರಾಷ್ಟ್ರಪ್ರಶಸ್ತಿಯಲ್ಲಿ ಆ ಪದ್ಧತಿ ಇಲ್ಲ. ಚಿತ್ರವನ್ನು ಕಳಿಸುವವರು ನಿರ್ಮಾಪಕರು. ಪ್ರಶಸ್ತಿಯ ವರ್ಷದೊಳಗೆ ಅದಕ್ಕೆ ಸೆನ್ಸಾರ್ ಪತ್ರ ಸಿಕ್ಕಿರಬೇಕು. ತೀರ್ಪುಗಾರರು ಬಾಗಿಲು ಹಾಕಿಕೊಂಡು ನೋಡುತ್ತಾರೆ, ಕಡೆಗೆ ಒಂದು ಹೆಸರು ಹೊರಗೆ ಬರುತ್ತದೆ. ಎರಡನೆಯವಳು ಯಾರಿದ್ದಳು ಅಂತ ಊರಿಗೆ ತಿಳಿಯುವುದಿಲ್ಲ. ನಿರ್ಮಾಪಕ ಅರ್ಜಿಯನ್ನೇ ಹಾಕದಿದ್ದರೆ ನಟಿ ಎಷ್ಟೇ ಚೆನ್ನಾಗಿ ಮಾಡಿರಲಿ, ಅಲ್ಲಿಗೆ ಮುಗಿಯಿತು.

ಕನ್ನಡಕ್ಕೆ ಬಂದ ಆ ಮೂರರಲ್ಲಿ ನನ್ನನ್ನು ಕಾಡುವುದು ಕೊನೆಯ ಎರಡು ಪ್ರಶಸ್ತಿಗಳು. ಎರಡೂ ಬಂದದ್ದು ಗಿರೀಶ ಕಾಸರವಳ್ಳಿ ಅವರ ಚಿತ್ರಗಳಿಗೆ, ಆ ಎರಡಕ್ಕೂ ಮೂಲ ಹೆಣ್ಣುಮಕ್ಕಳು ಬರೆದ ಕಥೆ. ‘ಹಸೀನಾ’ ಬಾನು ಮುಷ್ತಾಕ್ ಅವರ ಕಥೆಯಿಂದ ಬಂದದ್ದು. 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಗೆದ್ದ ಬಾನು ಅವರೇ. ‘ಗುಲಾಬಿ ಟಾಕೀಸ್’ ವೈದೇಹಿ ಅವರದು. ಗಂಡ ಬಿಟ್ಟುಹೋದ ಹಸೀನಾ ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ನ್ಯಾಯಕ್ಕೆ ಕೂರುತ್ತಾಳೆ. ಗುಲಾಬಿ ಕರಾವಳಿಯ ಸೂಲಗಿತ್ತಿ, ಸಿನಿಮಾ ಹುಚ್ಚಿನವಳು, ಅವಳ ಮನೆಗೆ ಟಿವಿ ಬಂದು ಓಣಿಯೇ ಬದಲಾಗುತ್ತದೆ. ಬಡ ಮುಸ್ಲಿಂ ಹೆಣ್ಣಿನ ಪಾತ್ರ ಮಾಡಿದವರಿಗೆ ದೇಶ ಎರಡು ಸಲ ಪದಕ ಕೊಟ್ಟಿತು. ಬೀಳಗಿಯಿಂದ ಹೊರಟು ತನ್ನ ಬಾಳನ್ನು ತಾನೇ ಕಟ್ಟಿಕೊಂಡ ಮುಸ್ಲಿಂ ಹೆಣ್ಣುಮಗಳಿಗೆ ಕೊಡಲು ಅದರ ಹತ್ತಿರ ಏನೂ ಇರಲಿಲ್ಲ.

ತಾರಾ, ಉಮಾಶ್ರೀ ಅವರ ಹಿರಿಮೆ ಇದರಿಂದ ಕಡಿಮೆಯಾಗುವುದಿಲ್ಲ. ಉಮಾಶ್ರೀ ಅವರನ್ನು ನೋಡಿರಿ. ರಂಗದ ಮೇಲೆ ದೇವನೂರ ಮಹಾದೇವರ ‘ಒಡಲಾಳ’ದ ಸಾಕವ್ವನಾಗಿ ನಿಂತವರು. ಚಿತ್ರರಂಗ ಮಾತ್ರ ಅವರಿಗೆ ವರ್ಷಗಟ್ಟಲೆ ಕೊಟ್ಟದ್ದು ದ್ವಂದ್ವಾರ್ಥದ ಹಾಸ್ಯ. ಟೆಂಟಿನಲ್ಲಿ ಕೂತು ಸಿಳ್ಳೆ ಹೊಡೆದವರಲ್ಲಿ ನಮ್ಮ ಮಂದಿಯೂ ಇದ್ದರು. ಆ ನಗೆಗೆ ಬೇಕಾದ ಸಮಯಪ್ರಜ್ಞೆ, ಕಣ್ಣಿನ ಚುರುಕು, ಮೈಯ ಬಾಗುಬಳುಕು ಎಲ್ಲ ಗುಲಾಬಿಯಲ್ಲೂ ಇವೆ. ತೀರ್ಪುಗಾರರು ಮೆಚ್ಚಿದ್ದು ಗುಲಾಬಿಯನ್ನು. ಅವಳನ್ನು ಸಾಣೆ ಹಿಡಿದದ್ದು ಯಾರೂ ಪ್ರಶಸ್ತಿಗೆ ಕಳಿಸದ ಆ ಪಾತ್ರಗಳು ಅಂತ ನನ್ನ ಅಭಿಪ್ರಾಯ. 2013ರಲ್ಲಿ ತೇರದಾಳದ ಮತದಾರರು ಅವರನ್ನು ವಿಧಾನಸಭೆಗೆ ಕಳಿಸಿದರು. ಅದೂ ನಮ್ಮ ಹಳೆಯ ವಿಜಾಪುರ ಜಿಲ್ಲೆಯ ಊರೇ.

ಮತ್ತೆ ನಮ್ಮ ಜಿಲ್ಲೆಗೆ, ಹಾಡಿದವರ ಹೆಸರು ಉಳಿಯುವ ಮಾತಿಗೆ ಬರುತ್ತೇನೆ. ಹಳೆಯ ಇಂಡಿ ತಾಲೂಕಿನ ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ಜನಪದ ಹಾಡುಗಳನ್ನು ‘ಗರತಿಯ ಹಾಡು’ ಅಂತ ಕೂಡಿಸಿದ್ದು ನಿಮಗೆ ಗೊತ್ತು. ಕೂಡಿಸಿದವರ ಹೆಸರು ನಾವು ಗೌರವದಿಂದ ಹೇಳುತ್ತೇವೆ, ಹೇಳಲೇಬೇಕು. ಬೀಸುತ್ತ ಹಾಡಿದವರ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಬರುತ್ತದೆ? ಅಮೀರಬಾಯಿ ಆ ಮಟ್ಟಿಗೆ ಜಾಣೆ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟದ್ದು 1973ರಲ್ಲಿ. ಅದಕ್ಕೂ ದಶಕಗಳ ಮೊದಲೇ ಅವರು ಆ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡು ಮುಂಬೈಯಲ್ಲಿ ಹಾಡುತ್ತಿದ್ದರು.

ರಹಮತ್ ತರೀಕೆರೆ ಅವರು ಅಮೀರಬಾಯಿ ಅವರ ಜೀವನವನ್ನು ಹುಡುಕಿ ಕನ್ನಡದಲ್ಲಿ ಪುಸ್ತಕ ಬರೆದಿದ್ದಾರೆ. ವಿಜಯಪುರದ ಅಮೀರ್ ಟಾಕೀಸಿನಲ್ಲಿ ಸಿನಿಮಾ ನೋಡಿದವರು ಈ ಸಭೆಯಲ್ಲೇ ಬೇಕಾದಷ್ಟು ಜನ ಇರಬೇಕು. ಆ ಅಮೀರ್ ಯಾರು ಅಂತ ಮನೆಯ ಹುಡುಗರು ಕೇಳಿದರೆ ಆ ಪುಸ್ತಕ ಕೈಗೆ ಕೊಡಿರಿ.