ಊರ ಹಣಕ್ಕೆ ಊರೇ ಕಾವಲು

(ಬಿ.ಜಿ. ಕೆರೆಯಲ್ಲಿ ದಯಪಾಲಿಸಿದ ಆಶೀರ್ವಚನ)



ನಿಮ್ಮ ಊರಿನ ಹೆಸರಿನಲ್ಲಿಯೇ ಕೆರೆ ಇದೆ. ಕೆರೆಯ ತೂಬನ್ನು ಎತ್ತಿ ಇಳಿಸುವವನು ನೀರಗಂಟಿ. ತೂಬು ಅವನ ಕೈಯಲ್ಲಿದ್ದ ಮಾತ್ರಕ್ಕೆ ನೀರು ಅವನದಾಗುವುದುಂಟೆ? ನೀರು ಊರಿನದು. ಪಂಚಾಯಿತಿಯ ಹಣವೂ ಹಾಗೆಯೇ. ಅಧ್ಯಕ್ಷರಾದವರೂ ಅಧಿಕಾರಿಗಳಾದವರೂ ಅದರ ನೀರಗಂಟಿಗಳು.

ಗ್ರಾಮ ಪಂಚಾಯಿತಿಯ ಹಣ ತೆಗೆಯಲು ಅಧ್ಯಕ್ಷರದೊಂದು, ಅಭಿವೃದ್ಧಿ ಅಧಿಕಾರಿಯದೊಂದು, ಹೀಗೆ ಎರಡು ಸಹಿ ಬೇಕು. ಒಬ್ಬರ ಮನಸ್ಸು ಜಾರಿದರೆ ಇನ್ನೊಬ್ಬರು ತಡೆಯಲಿ ಎಂದೇ ಈ ಕಟ್ಟಳೆ. ಖಾಲಿ ಚೆಕ್ಕಿಗೆ ಸಹಿ ಹಾಕಿಕೊಟ್ಟರೆ, ಡಿಜಿಟಲ್ ಸಹಿಯ ಕೀಲಿಯನ್ನು ಬೇರೆಯವರ ಕೈಗೆ ಒಪ್ಪಿಸಿ ಮನೆಗೆ ಬಂದರೆ, ಎರಡು ಬೀಗವಿದ್ದೂ ಪೆಟ್ಟಿಗೆ ತೆರೆದಂತೆಯೇ ಸರಿ. ಹಾಕದ ಪೈಪಿಗೆ ಬಿಲ್ಲು, ಒಂದೇ ಚರಂಡಿಗೆ ಎರಡು ಬಿಲ್ಲು, ಗುದ್ದಲಿ ಹಿಡಿಯದವರ ಹೆಸರಿಗೆ ಕೂಲಿ, ಇವೆಲ್ಲಕ್ಕೂ ಅಲ್ಲಿಯೇ ದಾರಿಯಾಗುತ್ತದೆ.

2024ರಲ್ಲಿ ವಾಲ್ಮೀಕಿ ಅಭಿವೃದ್ಧಿ ನಿಗಮದ ಖಾತೆಯಿಂದ 89 ಕೋಟಿ ರೂಪಾಯಿಗೂ ಹೆಚ್ಚು ಹಣ ಅನ್ಯರ ಖಾತೆಗಳಿಗೆ ಹರಿದುಹೋಯಿತು. ಲೆಕ್ಕ ವಿಭಾಗದ ನೌಕರರೊಬ್ಬರು ಪತ್ರ ಬರೆದಿಟ್ಟು ಪ್ರಾಣ ಬಿಟ್ಟ ಮೇಲೆ ಅದು ನಾಡಿಗೆ ತಿಳಿಯಿತು. ಪರಿಶಿಷ್ಟ ಪಂಗಡದ ಬಡ ರೈತರಿಗೆ ಗಂಗಾ ಕಲ್ಯಾಣದ ಕೊಳವೆಬಾವಿ ಕೊರೆಸಿಕೊಡುವ ನಿಗಮವದು. ಮಳೆಗಾಗಿ ಮುಗಿಲು ನೋಡುವ ಈ ಮೊಳಕಾಲ್ಮೂರು ಸೀಮೆಯಲ್ಲಿ ಒಂದು ಕೊಳವೆಬಾವಿಯ ಬೆಲೆಯನ್ನು ನಿಮಗೆ ನಾವು ಹೇಳಬೇಕೆ?

ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಭಂಡಾರದ ಹಣವೆಲ್ಲ ಜಂಗಮರ ಪಾಲಾಯಿತೆಂದು ದೊರೆಗೆ ಚಾಡಿ ಹೋಯಿತು. ಅವರು ಮುನಿಯಲಿಲ್ಲ, ಭಂಡಾರವನ್ನೇ ತೆರೆದು ಲೆಕ್ಕ ಒಪ್ಪಿಸಿದರು, ಒಂದು ಹಣವೂ ಕಡಿಮೆ ಬೀಳಲಿಲ್ಲ ಎಂದು ಪುರಾಣ ಹೇಳುತ್ತದೆ. ಬಸವಣ್ಣನವರೇ ಲೆಕ್ಕ ತೋರಿಸಿದ ಮೇಲೆ, ಲೆಕ್ಕ ಕೇಳಿದರೆ ಅಪಮಾನವಾಯಿತೆನ್ನಲು ನಾವೆಷ್ಟರವರು?

ಆದರೆ ಕೇಳುವವರೂ ಇರಬೇಕಲ್ಲ! ಆರು ತಿಂಗಳಿಗೊಮ್ಮೆ ಗ್ರಾಮಸಭೆ, ವರ್ಷಕ್ಕೊಮ್ಮೆ ಜಮಾಬಂದಿ ನಡೆಯಬೇಕೆಂಬುದು ನಿಯಮ. ಸಭೆಗೆ ಹೋಗದೆ ಜಗುಲಿಯ ಮೇಲೆ ಕುಳಿತೇ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದರೆ, ಅದೂ ಖಾಲಿ ಚೆಕ್ಕೇ. ಕಳ್ಳನಿಗೆ ಬಾಗಿಲು ತೆಗೆದವನು ತಾನು ಕದ್ದಿಲ್ಲ ಎಂದರೆ ಸಾಕೆ?

ಮುಂದಿನ ಗ್ರಾಮಸಭೆಗೆ ಮನೆಗೊಬ್ಬರು ಹೋಗಿರಿ. ತಾಯಂದಿರೂ ಹೋಗಿರಿ. ಯಾವ ಕೆಲಸಕ್ಕೆ ಎಷ್ಟು ಹಣ ಬಂತು, ಎಷ್ಟು ಖರ್ಚಾಯಿತು ಎಂದು ವಿನಯದಿಂದ ಕೇಳಿರಿ, ಆ ಕೆಲಸವನ್ನು ಕಣ್ಣಾರೆ ನೋಡಿ ಬನ್ನಿರಿ. ಇದು ಯಾರ ಮೇಲಿನ ಹಗೆಯೂ ಅಲ್ಲ. ಊರಿಗೆ ಸಲ್ಲಿಸುವ ದಾಸೋಹ. ಅಂತಹ ಎಚ್ಚರ ನಿಮ್ಮೆಲ್ಲರಿಗೂ ಉಂಟಾಗಲೆಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.