ಹೊಳೆ ದಾಟಿಸುವ ಹೊಣೆ

ದಾವಣಗೆರೆಯಿಂದ ಹರಿಹರದ ಮೇಲೆ ರಾಣೆಬೆನ್ನೂರಿಗೆ ಹೊರಟವರು ತುಂಗಭದ್ರೆಯನ್ನು ದಾಟಲು ಎಷ್ಟು ಹೊತ್ತು? ಕಂಡಕ್ಟರು ಚಿಲ್ಲರೆ ಎಣಿಸಿ ಕೊಡುವುದರೊಳಗೆ ಹೊಳೆ ಹಿಂದೆ ಬಿದ್ದಿರುತ್ತದೆ. ಈ ಅನುಕೂಲ ತಾನಾಗಿ ಬಂದುದಲ್ಲ. 1868ರಲ್ಲಿ ಹರಿಹರದ ಸೇತುವೆ ಮುಗಿದಾಗ ಸರ್ಕಾರಕ್ಕೆ ಬಿದ್ದ ವೆಚ್ಚ ಸುಮಾರು 3 ಲಕ್ಷ ರೂಪಾಯಿ. ಅದಕ್ಕೆ ಮುಂಚೆ ಹೊಳೆ ತುಂಬಿದರೆ ಅಂಬಿಗನ ಹರಿಗೋಲೇ ಗತಿ. ಹೊಳೆಯ ಕೆಳಗಡೆಯ ಚೌಡಯ್ಯದಾನಪುರ ಇಂದಿಗೂ ವಚನಕಾರ ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತಿದೆ.

ಸೇತುವೆಯನ್ನು ಪಡೆದ ನಾವು, ನೆರೆಯ ಶಿವಮೊಗ್ಗ ಜಿಲ್ಲೆಯಲ್ಲಿ ಸೇತುವೆಗಾಗಿ ಕಾದು ಕುಳಿತವರ ಕಥೆಯನ್ನೂ ತಿಳಿಯಬೇಕು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂದದ್ದು 1964ರಲ್ಲಿ. ಗದ್ದೆ, ತೋಟ, ಮನೆಗಳು ಮುಳುಗಿದವು. ತುಮರಿ ಸುತ್ತಿನ ಹಳ್ಳಿಗಳಿಗೆ ಸಾಗರಪಟ್ಟಣದ ಹಾದಿಯೇ ನೀರಿನಡಿಗೆ ಹೋಯಿತು. ಆ ನೀರಿನಿಂದ ಹುಟ್ಟಿದ ವಿದ್ಯುತ್ತು ನಾಡಿನ ಗಿರಣಿಗಳಿಗೂ ಮನೆಗಳಿಗೂ ಹರಿಯಿತು. ನಿಮ್ಮ ಮನೆಯ ರೇಡಿಯೊ ಹಾಡಿದ್ದರಲ್ಲಿ ಅದರ ಪಾಲೂ ಉಂಟು. ನೆಲ ಕೊಟ್ಟವರ ಪಾಲಿಗೆ ಬಂದದ್ದು ಅಂಬಾರಗೋಡ್ಲು-ಕಳಸವಳ್ಳಿಯ ನಡುವಣ ಸರ್ಕಾರಿ ಲಾಂಚು.

ಆ ಲಾಂಚು ಹೊತ್ತು ಮುಳುಗಿದ ಮೇಲೆ ನಿಲ್ಲುತ್ತಿತ್ತು. ಆಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಬಳಸು ದಾರಿಯೇ ಗತಿ. 2023ರ ಬೇಸಗೆಯಲ್ಲಿ ನೀರು ಇಳಿದು, ವಾಹನಗಳನ್ನು ಸಾಗಿಸುವುದನ್ನೇ ನಿಲ್ಲಿಸಬೇಕಾಯಿತು. ಕಡೆಗೆ 2025ರ ಜುಲೈ 14ರಂದು ಅಲ್ಲಿ ಸಿಗಂದೂರು ಸೇತುವೆ ತೆರೆಯಿತು. ಅಣೆಕಟ್ಟಿನಿಂದ ಸೇತುವೆಗೆ ಆರು ದಶಕ!

“ಕೆಲವೇ ಮನೆಗಳಿಗಾಗಿ ಇಷ್ಟು ಹಣವೆ?” ಎಂದು ಕೇಳುವವರಿದ್ದಾರೆ. ಚೀಟಿಯ ಹಣದಿಂದ ಲಾಂಚಿನ ಎಣ್ಣೆ, ರಿಪೇರಿ, ಸಂಬಳ ಹುಟ್ಟಬೇಕೆಂದರೆ ಲೆಕ್ಕದಲ್ಲಿ ನಷ್ಟವೇ ಕಾಣುತ್ತದೆ. ಆದರೆ ನಮ್ಮ ಬೀದಿಯ ರಸ್ತೆ ಲಾಭ ತಂದಿತೆ ಎಂದು ನಾವು ಎಂದಾದರೂ ಕೇಳಿದ್ದೇವೆಯೆ? ನೀರಿನ ನಡುವಿನ ಊರಿಗೆ ಲಾಂಚೇ ರಸ್ತೆ. ಅದಕ್ಕೆ ಕೊಡುವ ಹಣ ದಾನವಲ್ಲ, ಹಳೆಯ ಋಣದ ಕಂತು.

ಸೇತುವೆ ಕಾಣದ ಹೊಳೆಗಳು ನಾಡಿನಲ್ಲಿ ಇನ್ನೂ ಇವೆ. ಅಲ್ಲೆಲ್ಲ ಬೇಕಾದುದು ದೊಡ್ಡ ಮಾತಲ್ಲ: ಒಂದು ಕೆಟ್ಟರೆ ಓಡಿಸಲು ಇನ್ನೊಂದು ದೋಣಿ, ನೀರು ಇಳಿದಂತೆ ಇಳಿಯುವ ಕಟ್ಟೆ, ರಾತ್ರಿ ರೋಗಿ ಬಂದರೆ ಏಳುವ ಅಂಬಿಗ, ಇವುಗಳಿಗೆ ವರ್ಷವರ್ಷವೂ ತಪ್ಪದೆ ಬರುವ ಹಣ. ಅರ್ಜಿ ಹಿಡಿದು ಓಡಾಡುವ ಕಷ್ಟ ಆ ಊರಿನವರಿಗೆ ಇರಬಾರದು.

ಮುಂದಿನ ಸಲ ಹರಿಹರದ ಹೊಳೆ ದಾಟುವಾಗ ಒಂದು ಗಳಿಗೆ ಕಿಟಕಿಯಿಂದ ಕೆಳಗೆ ನೋಡಿ. ನಮ್ಮನ್ನು ದಾಟಿಸಿದ್ದು ಎಲ್ಲರ ಹಣ. ಎಲ್ಲರನ್ನೂ ದಾಟಿಸುವುದು ಅದರ ಧರ್ಮ.