ಮಂಕಾಗಿದ್ದದ್ದು ಕನ್ನಡಿಯಲ್ಲ

ಎಂ.ಟೆಕ್ ಓದಿದವಳು ಎಂದು ನನಗೆ ವಿಜ್ಞಾನದ ವಿಷಯ ಕೊಟ್ಟಿದ್ದೀರಿ. ನಾನು ಪೆಚ್ಚಾದ ಕಥೆಯಿಂದಲೇ ಶುರು ಮಾಡುತ್ತೇನೆ.

ಊರಿಂದ ಪುಣೆಗೆ ಬಂದ ಅಮ್ಮ ಕುಂಕುಮ ಇಡುವಾಗಲೆಲ್ಲ, “ಈ ಕನ್ನಡಿ ಮಂಕಾಗಿದೆ ಕಣೇ” ಅನ್ನುತ್ತಿದ್ದರು. ಒರೆಸಿದೆ. ಕೊನೆಗೆ ಹೊಸ ಕನ್ನಡಿಯನ್ನೇ ತಂದೆ. ಅದೂ ಮಂಕಂತೆ! ಅಕ್ಕಿ ಆರಿಸುವುದನ್ನೂ ಬಿಟ್ಟಿದ್ದರು; ಬೇಜಾರಿರಬೇಕು ಅಂದುಕೊಂಡೆ. ಒಂದು ರಾತ್ರಿ ಆಟೋದಲ್ಲಿ, ಎದುರಿನ ಗಾಡಿಗಳ ದೀಪ ಚೆದುರಿ ಕಣ್ಣಿಗೆ ಹೊಡೆಯುತ್ತದೆ ಅಂದಾಗಲಷ್ಟೇ ನನಗೆ ಹೊಳೆಯಿತು. ಪೊರೆ!

ಕನ್ನಡಿ ಬೆಳಕನ್ನು ವಾಪಸ್ ಕಳಿಸುತ್ತದೆ. ಆ ಕೆಲಸ ಗಾಜಿನದಲ್ಲ, ಅದಕ್ಕೆ ಹಚ್ಚಿದ ಲೋಹದ ತೆಳು ಲೇಪದ್ದು. ಲೆನ್ಸ್ ಹಾಗಲ್ಲ. ಬೆಳಕು ಅದರೊಳಗಿಂದಲೇ ಹಾದು ಬಾಗಬೇಕು, ಹಾಗಾಗಿ ಒಳಗೆಲ್ಲ ತಿಳಿಯಾಗಿರಬೇಕು. ತಮಿಳುನಾಡಿನ ಕಾವಲೂರಿನ ದೊಡ್ಡ ದೂರದರ್ಶಕದಲ್ಲಿರುವುದು 2.34 ಮೀಟರ್ ಅಗಲದ ಕನ್ನಡಿ. ಅದಕ್ಕೆ ಲೇಪ ಮುಂಭಾಗದಲ್ಲೇ. ಬೆನ್ನಿಗೆ ಆಸರೆ ಕೊಡಬಹುದು. ಅಷ್ಟು ದೊಡ್ಡ ಲೆನ್ಸಾದರೆ ಅಂಚಿನಲ್ಲಷ್ಟೇ ಹಿಡಿಯಬೇಕು, ತನ್ನ ಭಾರಕ್ಕೇ ಜಗ್ಗುತ್ತದೆ.

ಕಣ್ಣಿನ ಲೆನ್ಸ್ ಎಂದರೆ ಹೆಚ್ಚಿನಂಶ ನೀರು ಮತ್ತು ಪ್ರೋಟೀನ್. ವಯಸ್ಸಾದಂತೆ ಪ್ರೋಟೀನ್ ಗಂಟುಕಟ್ಟಿ ಬೆಳಕು ಚೆದುರುತ್ತದೆ. ಅದೇ ಪೊರೆ. ನೋವಿಲ್ಲ, ನಿಧಾನ, ಅಮ್ಮನಿಗೇ ಗೊತ್ತಾಗಿರಲಿಲ್ಲ. ಕನ್ನಡಕ ಬದಲಿಸಿದರೆ ಸ್ವಲ್ಪ ದಿನ ನಡೆದೀತು, ಪೊರೆ ಹೋಗದು. ಮಂಕಾದ ಲೆನ್ಸ್ ತೆಗೆದು ಕೃತಕ ಲೆನ್ಸ್ ಕೂರಿಸಿದರು.

ಈಗ ಅಮ್ಮ ಮತ್ತೆ ಮೊರ ಹಿಡಿದು ಕೂರುತ್ತಾರೆ. ಮೊನ್ನೆ ನಾನು ಆರಿಸಿಟ್ಟ ಅಕ್ಕಿಯಲ್ಲೇ ಮೂರು ಕಲ್ಲು ತೆಗೆದು ತೋರಿಸಿದರು.